ಚಿಕ್ಕಬಳ್ಳಾಪುರದಿಂದ ನೇಪಾಳದ ಮುಕ್ತಿನಾಥಕ್ಕೆ ನಮ್ಮ ಕಾರಿನಲ್ಲೇ ಹೋಗಬಹುದಾ?

ನಂದಿ ತಪ್ಪಲು: ಬಾಗೇಪಲ್ಲಿ ದಾಟಿ ಹೈದರಾಬಾದ್, ನಾಗಪುರ, ಜಬಲ್ಪುರ, ಗೋರಖ್‌ಪುರ, ಆಮೇಲೆ ಸುನೌಲಿ ಗಡಿ. ಹೆಚ್ಚು ಕಡಿಮೆ 2,000 ಕಿ.ಮೀ. ದೀಪಾವಳಿ ರಜೆಗೆ ಅಮ್ಮನನ್ನು ಕರ್ಕೊಂಡು ಹೋಗುವ ಆಸೆ. ಅವರಿಗೆ 68. ಕಾರಿನ ಸಾಲ ಇನ್ನೂ ತೀರಿಲ್ಲ. ಏನೇನು ಕಾಗದ ಬೇಕು?

ಶಿಡ್ಲಘಟ್ಟದವ: ಸುಮ್ನೆ ಗೋರಖ್‌ಪುರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಟ್ಯಾಕ್ಸಿ ಮಾಡಿ. ವಯಸ್ಸಾದವರನ್ನು ನಾಲ್ಕು ದಿನ ಸೀಟಿನಲ್ಲಿ ಕೂರಿಸೋದು ಯಾವ ಪುಣ್ಯಕ್ಕೆ?

ನಂದಿ ತಪ್ಪಲು: ಕಾರು ಬೇಕು ಅಂದಿದ್ದೇ ಅಮ್ಮ. ಬೇಕಾದ ಕಡೆ ನಿಲ್ಲಿಸಬಹುದು, ರಾಗಿ ಹಿಟ್ಟು ಜೊತೆಗೇ ಇರುತ್ತೆ.

ಚಿಂತಾಮಣಿ ಕಡೆಯವ: ನಾನು ಹೋಗಿ ಬಂದಿದ್ದೇನೆ. ಗಡಿಯ ಕೆಲಸ ಅಂಥಾ ಕಷ್ಟ ಅಲ್ಲ. ಆಚೆ ಬೆಲಹಿಯಾದಲ್ಲಿ ಭನ್ಸಾರ್, ಅಂದರೆ ಸುಂಕದ ಕಚೇರಿ ಇದೆ. ಎಷ್ಟು ದಿನ ಇರ್ತೀರೋ ಅಷ್ಟಕ್ಕೆ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಿ ಚೀಟಿ ತಗೋಬೇಕು. ಯಾತಾಯಾತ್ ಪರ್ಮಿಟ್, ಅಂದರೆ ಅಲ್ಲಿ ಗಾಡಿ ಓಡಿಸೋ ಪರವಾನಗಿ, ಅದು ಬೇರೆ. ಒಂದೆರಡು ದಿನ ಜಾಸ್ತಿಯೇ ಬರೆಸಿ, ಗುಡ್ಡ ಕುಸಿದು ತಡವಾದರೆ ದಂಡ ಬೀಳುತ್ತೆ. ಆರ್‌ಸಿ, ಡಿಎಲ್ ಕಾರ್ಡುಗಳೇ ಕೈಯಲ್ಲಿರಲಿ, ಡಿಜಿಲಾಕರ್ ನಂಬಿ ಹೊರಡಬೇಡಿ. ನಿಮ್ಮ ನಿಜವಾದ ಓಡಾಟ ಇರೋದು ಊರಲ್ಲೇ. ಸಾಲ ಕೊಟ್ಟ ಬ್ಯಾಂಕಿನಿಂದ ಎನ್‌ಒಸಿ, ಅಂದರೆ ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ, ಆಮೇಲೆ ಇನ್ಶೂರೆನ್ಸ್.

ಶಿಡ್ಲಘಟ್ಟದವ: ಬಂಪರ್ ಟು ಬಂಪರ್ ಪಾಲಿಸಿ ಇದ್ದರೆ ಮುಗೀತಲ್ಲ, ಇನ್ನೇನು?

ಚಿಂತಾಮಣಿ ಕಡೆಯವ: ನಾನೂ ಹಾಗೇ ಅಂದುಕೊಂಡಿದ್ದೆ. ಪಾಲ್ಪಾ ತಿರುವಿನಲ್ಲಿ ಎದುರಿನ ಲಾರಿ ನನ್ನ ಎರಡೂ ಬಾಗಿಲು ಉಜ್ಜಿಕೊಂಡು ಹೋಯಿತು. ಊರಿಗೆ ಬಂದು ಕ್ಲೇಮ್ ಹಾಕಿದರೆ, ನಿಮ್ಮ ಪಾಲಿಸಿ ಭಾರತದೊಳಗೆ ಮಾತ್ರ ಅಂದರು. ಪೂರ್ತಿ ನನ್ನ ಜೇಬಿನಿಂದಲೇ. ಆಮೇಲೆ ಗೊತ್ತಾಯಿತು, ಐಎಂಟಿ 1 ಅಂತ ಒಂದು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸೋ ಹೆಚ್ಚುವರಿ ಷರತ್ತು ಇದೆ. ಸ್ವಲ್ಪ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶಕ್ಕೂ ಪಾಲಿಸಿ ವಿಸ್ತರಿಸ್ತಾರೆ. ಏಜೆಂಟ್ ಬಾಯಿಮಾತಲ್ಲಿ ಆಯ್ತು ಸಾರ್ ಅಂದರೆ ಸಾಲದು. ಪಾಲಿಸಿ ಕಾಗದದಲ್ಲಿ ನೇಪಾಳ ಅನ್ನೋ ಹೆಸರು ಕಾಣಬೇಕು.

ಶಿಡ್ಲಘಟ್ಟದವ: ಇದು ಗೊತ್ತಿರಲಿಲ್ಲ. ಆದರೂ ರೈಲೇ ವಾಸಿ.

ಗೌರಿಬಿದನೂರು ಅಕ್ಕ: ವೀಸಾ ಬೇಡ, ಆದರೆ ಎಲ್ಲರೂ ಆಧಾರ್ ಹಿಡ್ಕೊಂಡು ಹೊರಟುಬಿಡ್ತಾರೆ. ದೊಡ್ಡವರಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಬೇಕು. 65 ದಾಟಿದವರಿಗೆ ವಿನಾಯಿತಿ ಇದೆ, ಆದರೂ ಅಮ್ಮನ ವೋಟರ್ ಕಾರ್ಡ್ ಇಟ್ಕೊಳ್ಳಿ. ನಮ್ಮ ದುಡ್ಡಲ್ಲಿ 100ರ ನೋಟು ಜಾಸ್ತಿ ಇರಲಿ. ನಮ್ಮ 100 ಅಲ್ಲಿಯ 160, ಆ ಲೆಕ್ಕ ತಲೆಯಲ್ಲಿರಲಿ. ಗಡಿಯಾರ 15 ನಿಮಿಷ ಮುಂದೆ. ಕಠ್ಮಂಡುವಿಗೂ ಹೋದರೆ ಪಶುಪತಿನಾಥದ ಭಟ್ಟರು ನಮ್ಮ ಕರ್ನಾಟಕದ ಕಡೆಯವರೇ, ಅಮ್ಮನಿಗೆ ಖುಷಿಯಾಗುತ್ತೆ.

ಚಿಂತಾಮಣಿ ಕಡೆಯವ: ಇನ್ನೊಂದು ಮಾತು. ಮುಕ್ತಿನಾಥ 3,700 ಮೀಟರ್‌ಗಿಂತ ಎತ್ತರ. ಬೇನಿ ದಾಟಿದ ಮೇಲೆ ನಿಮ್ಮ ಸಣ್ಣ ಕಾರಿನ ಹೊಟ್ಟೆ ಕಲ್ಲಿಗೆ ಬಡಿಯುತ್ತೆ. ಅದಕ್ಕೂ ಮೊದಲೇ ಸಿಗೋ ಪೋಖರಾದಲ್ಲಿ ಕಾರು ನಿಲ್ಲಿಸಿ ಜೀಪ್ ಮಾಡಿ. ಅಮ್ಮನಿಗೆ ಉಸಿರಿನ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ನಂದಿ ತಪ್ಪಲು: ಅಂದರೆ ಕೊನೆಗೆ ಬಾಡಿಗೆ ಗಾಡಿಯೇ! ಶಿಡ್ಲಘಟ್ಟದವರು ಅರ್ಧ ಗೆದ್ದರು. ಸೋಮವಾರ ಮೊದಲು ಬ್ಯಾಂಕಿಗೆ, ಅಲ್ಲಿಂದ ಇನ್ಶೂರೆನ್ಸ್ ಏಜೆಂಟ್ ಹತ್ತಿರ ಹೋಗ್ತೇನೆ.