ಸಹಾಯ ಬೇಕು: ಹಾಸ್ಟೆಲ್ ಮಕ್ಕಳ ಮಂತ್ರಿಮಂಡಲಕ್ಕೆ ಕೆಲಸ ಹಚ್ಚುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪಾಂಡವಪುರ ಕಡೆಯ ಒಂದು ವಸತಿ ಶಾಲೆಯಲ್ಲಿ ವಾರ್ಡನ್ ಆಗಿದ್ದೇನೆ. 6ರಿಂದ 10ನೇ ತರಗತಿಯ ಮಕ್ಕಳು ಇಲ್ಲೇ ಇರುತ್ತಾರೆ. ಶಾಲಾ ಸಂಸತ್ ಚುನಾವಣೆ ಜೋರಾಗೇ ನಡೆಯಿತು. ಮೊಬೈಲ್ ಆ್ಯಪ್‌ನಲ್ಲಿ ವೋಟು, ಬೆರಳಿಗೆ ಶಾಯಿ, ಪ್ರಮಾಣವಚನ ಎಲ್ಲಾ ಆಯಿತು.

ಈಗ ತೊಂದರೆ ಏನಂದ್ರೆ, ಮಂತ್ರಿಗಳೆಲ್ಲ ಹತ್ತನೇ ಕ್ಲಾಸಿನವರು. ಆಹಾರ ಮಂತ್ರಿ ಸೌಟು ಮುಟ್ಟುವುದಿಲ್ಲ. ಆರನೇ ಕ್ಲಾಸಿನ ಹುಡುಗನ ಕೈಗೆ ಸಾರಿನ ಬಕೆಟ್ ಕೊಟ್ಟು, ತಾನು ತಟ್ಟೆ ಹಿಡಿದು ಸಾಲಿನ ಮುಂದೆ ನಿಲ್ಲುತ್ತಾನೆ. ಮುದ್ದೆ ದಿನ ಅಂತೂ ಗಲಾಟೆಯೋ ಗಲಾಟೆ. ಸ್ವಚ್ಛತಾ ಮಂತ್ರಿಯ ಪೊರಕೆಯೂ ಚಿಕ್ಕವರ ಕೈಯಲ್ಲೇ. (ಟಿವಿ ನೋಡಿ ಕಲಿತಿರಬೇಕು ಬಿಡಿ!) ನಾನು ಬೈದರೆ ಒಂದು ವಾರ ಸರಿಹೋಗುತ್ತೆ. ಆದರೆ ಆಮೇಲೆ ಅದು ಮಕ್ಕಳ ಸಂಸತ್ತು ಹೇಗಾಗುತ್ತೆ, ಅಲ್ವಾ?

ನವೋದಯ ವಸತಿ ಶಾಲೆಯಲ್ಲಿ ಓದಿದವರು ಇದ್ದರೆ ದಯವಿಟ್ಟು ಹೇಳಿ. ಅಲ್ಲಿ ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಅಂತ ಹೌಸ್‌ಗಳು (ಮಕ್ಕಳ ಗುಂಪುಗಳು) ಇರುತ್ತವಲ್ಲ, ಬಡಿಸುವ ಪಾಳಿ ಹೇಗೆ ಹಂಚುತ್ತಿದ್ದರು? ಕ್ಯಾಪ್ಟನ್‌ಗೂ ಪಾಳಿ ಇತ್ತಾ? ತಪ್ಪಿಸಿಕೊಂಡವರನ್ನು ಯಾರು ಕೇಳುತ್ತಿದ್ದರು? ಕೆಲಸ ಮಾಡದ ಮಂತ್ರಿಯನ್ನು ಕೆಳಗಿಳಿಸುವ ನಿಯಮ ಯಾರಾದರೂ ಮಾಡಿದ್ದರೆ ಅದೂ ಬೇಕು. ಪಾಳಿ ಪಟ್ಟಿಯ ಫೋಟೋ ಇದ್ದರೆ ಹಾಕಿ. ಶನಿವಾರ ಮಕ್ಕಳ ಸಭೆ ಇದೆ, ಅಷ್ಟರೊಳಗೆ ಸಿಕ್ಕರೆ ಉಪಕಾರ ಆಗುತ್ತೆ.