ಹಳೆಯ ಪಿಕಪ್‌ನ ಫ್ಯುಯೆಲ್ ಪಂಪ್ ಮತ್ತೆ ಕೈಕೊಡುತ್ತಿದೆ: ಅನುಭವವಿದ್ದವರು ತಿಳಿಸಿ

ಕೇಳಿದವರು

ನನ್ನದು 1994ರ ಪೆಟ್ರೋಲ್ ಪಿಕಪ್. ಇಂಜೆಕ್ಷನ್ ಎಂಜಿನ್, ಅದಕ್ಕೆ ಪೆಟ್ರೋಲ್ ತಳ್ಳುವ ವಿದ್ಯುತ್ ಫ್ಯುಯೆಲ್ ಪಂಪ್ ಟ್ಯಾಂಕಿನ ಒಳಗೇ ಇದೆ. ಎರಡು ವಾರಗಳಿಂದ ಒಂದೇ ಕಾಟ. ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲಷ್ಟೇ ಎಂಜಿನ್ ಹೊತ್ತಿಕೊಳ್ಳುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಏರು ಸಿಕ್ಕರೆ ಉಸಿರು ಕಟ್ಟಿದ ಹಾಗೆ ಮುಗ್ಗರಿಸುತ್ತದೆ. ಮೂರು ಸಲ ರಸ್ತೆಯ ನಡುವೆಯೇ ನಿಂತಿತು. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ. ಪಂಪ್ ಬದಲಿಸಿ ಆರು ತಿಂಗಳಷ್ಟೇ ಆಗಿದೆ, ಫಿಲ್ಟರ್ ಕಳೆದ ವಾರ ಹಾಕಿದ್ದು. ಮತ್ತೊಂದು ಪಂಪ್ ತರಿಸುವ ಮುನ್ನ ಏನೇನು ನೋಡಬೇಕು? ನನ್ನ ಬಳಿ ಸಾಧಾರಣ ಮಲ್ಟಿಮೀಟರ್ ಇದೆ.

ಮೊದಲ ಉತ್ತರ

ದಯವಿಟ್ಟು ಈಗಲೇ ಪಂಪ್ ತರಿಸಬೇಡಿ. ಹೊಸ ಪಂಪ್ ಆರೇ ತಿಂಗಳಲ್ಲಿ ಹೀಗೆ ಆಡುತ್ತಿದೆ ಎಂದರೆ ಮೊದಲು ಅನುಮಾನ ಪಡಬೇಕಾದದ್ದು ಅದಕ್ಕೆ ಹೋಗುವ ಕರೆಂಟನ್ನು. ನನ್ನ ಗಾಡಿಯಲ್ಲಿ ಇದೇ ಲಕ್ಷಣಗಳಿದ್ದವು. ನಾನು ಒಂದೇ ವರ್ಷದಲ್ಲಿ ಎರಡು ಸಲ ಟ್ಯಾಂಕ್ ಇಳಿಸಿ ಪಂಪ್ ಬದಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ರೋಗವಿದ್ದದ್ದು ಷಾಸಿಗೆ, ಅಂದರೆ ಗಾಡಿಯ ಕೆಳಗಿನ ಲೋಹದ ಚೌಕಟ್ಟಿಗೆ, ಪಂಪಿನ ಮೈನಸ್ ತಂತಿಯನ್ನು ಬಿಗಿದಿದ್ದ ಒಂದು ಅರ್ತ್ ಬೋಲ್ಟಿನಲ್ಲಿ.

ಪಂಪಿನ ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದರೆ 12 ವೋಲ್ಟ್ ತೋರಿಸುತ್ತದೆ, ನಾವು ತಂತಿಗಳೆಲ್ಲ ಸರಿಯಾಗಿವೆ ಎಂದುಕೊಳ್ಳುತ್ತೇವೆ. ಆದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ತಂತಿಯ ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಕ್ಕು ಹಿಡಿದು ಹೋಗಿ ಒಂದೇ ಉಳಿದಿದ್ದರೂ ಮೀಟರಿಗೆ ಅದೇ 12 ವೋಲ್ಟ್ ಕಾಣುತ್ತದೆ. ಪಂಪ್ 5 ಆಂಪಿಯರ್ ಕೇಳಿದಾಗಲೇ ಆ ಒಂದು ಎಳೆಯ ಬಣ್ಣ ಬಯಲಾಗುವುದು. ಆದ್ದರಿಂದ ಕನೆಕ್ಟರ್ ಜೋಡಿಸಿಯೇ ಇಟ್ಟು, ಎಂಜಿನ್ ಓಡುತ್ತಿರುವಾಗ, ತಂತಿ ಒಳಹೋಗುವ ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ ಅಳೆಯಿರಿ.

ಮೊದಲು ಬ್ಯಾಟರಿಯ ಎರಡು ತುದಿಗಳ ವೋಲ್ಟೇಜ್ ಬರೆದುಕೊಳ್ಳಿ, ಆಮೇಲೆ ಪಂಪಿನ ಎರಡು ತುದಿಗಳದ್ದು. ವ್ಯತ್ಯಾಸ ಒಂದು ವೋಲ್ಟಿಗಿಂತ ಹೆಚ್ಚಿದ್ದರೆ ಕಳ್ಳ ದಾರಿಯಲ್ಲೇ ಇದ್ದಾನೆ. ಅವನು ಯಾವ ಕಡೆ ಎಂದು ತಿಳಿಯಲು ಬ್ಯಾಟರಿಯ ಪ್ಲಸ್‌ನಿಂದ ಪಂಪಿನ ಪ್ಲಸ್‌ಗೆ ಅಳೆಯಿರಿ; ಬಳಿಕ ಪಂಪಿನ ಮೈನಸ್‌ನಿಂದ ಬ್ಯಾಟರಿಯ ಮೈನಸ್‌ಗೆ. ಪ್ಲಸ್ ಕಡೆ ಅರ್ಧ ವೋಲ್ಟಿನ ಆಸುಪಾಸು ನಷ್ಟವಿದ್ದರೆ ಹಳೆಯ ಗಾಡಿಯಲ್ಲಿ ಸಹಿಸಬಹುದು. ಅರ್ತ್ ಕಡೆ ಮಾತ್ರ 0.2 ವೋಲ್ಟಿಗಿಂತ ಹೆಚ್ಚಿದ್ದರೆ ನಾನು ಬಿಡುವುದಿಲ್ಲ. ಹೆಚ್ಚಿನವರು ಪ್ಲಸ್ ನೋಡಿ ಸುಮ್ಮನಾಗುತ್ತಾರೆ; ಹಳೆಯ ಪಿಕಪ್‌ಗಳಲ್ಲಿ ಕೆಸರು, ನೀರು ಎಲ್ಲ ತಗಲುವುದು ಷಾಸಿಯ ಮೇಲಿನ ಅರ್ತ್ ಜಾಗಕ್ಕೇ.

ಏರಿನಲ್ಲಿ ಮುಗ್ಗರಿಸುವುದೂ ಇದರಿಂದಲೇ ಇರಬಹುದು. ವೋಲ್ಟೇಜ್ ಇಳಿದರೆ ಪಂಪ್ ನಿಧಾನವಾಗಿ ತಿರುಗುತ್ತದೆ, ತಳ್ಳುವ ಪೆಟ್ರೋಲ್ ಕಡಿಮೆಯಾಗುತ್ತದೆ. ನಿಂತಲ್ಲಿ ಓಡುವ ಎಂಜಿನ್‌ಗೆ ಅಷ್ಟು ಸಾಕು, ಭಾರ ಬಿದ್ದಾಗ ಸಾಲದು.

ಮೀಟರ್ ಪರೀಕ್ಷೆಯಲ್ಲಿ ಎಲ್ಲ ಸರಿ ಬಂದರೆ ಮಾತ್ರ ಒತ್ತಡ ಅಳೆಯುವ ಗೇಜ್ ತನ್ನಿ. ಪ್ರತಿ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಒಂದು ಇಂಜೆಕ್ಟರ್ ಇರುವ ಎಂಜಿನ್‌ಗಳಲ್ಲಿ ಒತ್ತಡ ಸಾಮಾನ್ಯವಾಗಿ 2.5ರಿಂದ 4 ಬಾರ್ ಇರಬೇಕು. ಎಂಜಿನ್‌ಗೆ ಗಾಳಿ ಒಳಹೋಗುವ ಥ್ರಾಟಲ್ ಬಾಡಿಯಲ್ಲಿ ಇಂಜೆಕ್ಟರ್ ಇರುವ ಕೆಲವು ಹಳೆಯ ಟ್ರಕ್‌ಗಳಲ್ಲಿ 1 ಬಾರ್‌ಗಿಂತಲೂ ಕಡಿಮೆ ಇರುತ್ತದೆ, ಕಾರ್ಬುರೇಟರ್ ಇದ್ದರೆ ಅರ್ಧ ಬಾರ್ ಕೂಡ ದಾಟುವುದಿಲ್ಲ. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯನ್ನೇ ನಂಬಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಮಾಡಿ, ಆದರೆ ಅದಕ್ಕೂ ಮುಂಚೆ ಪಂಪಿಗೆ ಕರೆಂಟ್ ಬಿಡುವ ಸಣ್ಣ ವಿದ್ಯುತ್ ಸ್ವಿಚ್ಚನ್ನು, ಅಂದರೆ ರಿಲೇಯನ್ನು ನೋಡಿಬಿಡಿ. ಐದು ನಿಮಿಷದ ಕೆಲಸ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ತಿರುಗಿಸಿ, ಟ್ಯಾಂಕಿನ ಮುಚ್ಚಳದ ಬಳಿ ಒಬ್ಬರನ್ನು ನಿಲ್ಲಿಸಿ. ಸುಮಾರು ಎರಡು ಸೆಕೆಂಡು ‘ಗುಂಯ್’ ಎಂದು ಸದ್ದು ಬಂದು ನಿಲ್ಲಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್ ನೋಡಿ, ಆಮೇಲೆ ಅದೇ ನಮೂನೆಯ ಮತ್ತೊಂದು ರಿಲೇಯನ್ನು, ಬಹಳ ಗಾಡಿಗಳಲ್ಲಿ ಹಾರ್ನ್ ರಿಲೇ ಹೊಂದುತ್ತದೆ, ತಾತ್ಕಾಲಿಕವಾಗಿ ಹಾಕಿ ನೋಡಿ. ಬಿಸಿಯಾದಾಗ ನಿಂತು ತಣ್ಣಗಾದಾಗ ಹೊರಡುವ ಗಾಡಿಯಲ್ಲಿ ರಿಲೇ ಒಳಗಿನ ಬೆಸುಗೆ ಬಿರುಕು ಬಿಟ್ಟಿರುವುದು ನನ್ನ ಕಣ್ಣಾರೆ ಕಂಡದ್ದು. ಮುಚ್ಚಳ ತೆಗೆದು ಬೆಳಕಿಗೆ ಹಿಡಿದರೆ ರಿಲೇಯ ಲೋಹದ ಕಾಲಿನ ಸುತ್ತ ಕೂದಲಿನಷ್ಟು ಸಣ್ಣ ಉಂಗುರ ಕಾಣುತ್ತಿತ್ತು.

ಗಾಡಿ ಯಾವುದೆಂದು ನೀವು ಬರೆದಿಲ್ಲ. ಆ ಕಾಲದ ಹಲವು ಶೆವರ್ಲೆ ಪಿಕಪ್‌ಗಳಲ್ಲಿ ಆಯಿಲ್ ಒತ್ತಡದ ಸ್ವಿಚ್ಚಿನ ಮೂಲಕ ಪಂಪಿಗೆ ಎರಡನೆಯ ದಾರಿಯಿದೆ. ರಿಲೇ ಸತ್ತರೂ, ಸೆಲ್ಫ್ ಹೊಡೆಯುತ್ತಾ ಆಯಿಲ್ ಒತ್ತಡ ಏರಿದಾಗ ಪಂಪ್ ಎದ್ದು ಗಾಡಿ ಸ್ಟಾರ್ಟ್ ಆಗುತ್ತದೆ. ನಿಮ್ಮ ಬೆಳಗಿನ ತೊಂದರೆಯ ಗುಟ್ಟು ಅದೂ ಆಗಿರಬಹುದು. ಫೋರ್ಡ್ ಪಿಕಪ್ ಆಗಿದ್ದರೆ, ಅಪಘಾತವಾದಾಗ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಇರುತ್ತದೆ. ಎಫ್-150ಯಲ್ಲಿ ಅದು ಸಾಮಾನ್ಯವಾಗಿ ಚಾಲಕನ ಪಕ್ಕದ ಸೀಟಿನವರ ಕಾಲಿನ ಬಳಿ ಇದೆ. ಅದರ ಗುಂಡಿ ಮೇಲೆದ್ದಿದ್ದರೆ ಒತ್ತಿ ಕೂರಿಸಬೇಕು, ಕನೆಕ್ಟರ್ ಕರಗಿದೆಯೇ ಎಂದೂ ನೋಡಬೇಕು.

ಇನ್ನೊಂದು. ಸೆಲ್ಫ್ ಹೊಡೆಯುವಾಗ ಪಂಪ್ ಓಡದಿದ್ದರೆ ತಪ್ಪು ಪಂಪಿನದ್ದೇ ಆಗಬೇಕಿಲ್ಲ. ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಬರದಿದ್ದರೆ ಗಾಡಿಯ ಕಂಪ್ಯೂಟರ್ ಪಂಪನ್ನು ಚಾಲೂ ಮಾಡುವುದಿಲ್ಲ. ಕಿಡಿಯೂ ಇಲ್ಲ, ಪಂಪೂ ಇಲ್ಲ ಎಂದಾದರೆ ಇಗ್ನಿಷನ್ ಕಡೆ ತಿರುಗಿ.

ಮೂರನೆಯ ಉತ್ತರ

ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಎಷ್ಟು ಪೆಟ್ರೋಲ್ ಇಟ್ಟುಕೊಳ್ಳುತ್ತೀರಿ? ಒಳಗಿನ ಪಂಪನ್ನು ತಂಪಾಗಿಡುವುದೂ ಸವೆಯದಂತೆ ಕಾಯುವುದೂ ಆ ಪೆಟ್ರೋಲೇ. ಯಾವಾಗಲೂ ತಳದಲ್ಲಿ ನಾಲ್ಕು ಲೀಟರ್ ಇಟ್ಟು ಓಡಿಸಿದರೆ ಪಂಪಿನ ಆಯುಸ್ಸು ಕರಗುತ್ತದೆ. ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡಬೇಡಿ.

ಆರು ತಿಂಗಳ ಹಿಂದೆ ಪಂಪ್ ಹಾಕಿದಾಗ ಒಳಗಿನ ಸಣ್ಣ ರಬ್ಬರ್ ಹೋಸ್ ಯಾವುದು ಹಾಕಿದರು ಎಂದೂ ಕೇಳಿ. ಎಂಜಿನ್ ಬದಿಗೆ ಬಳಸುವ ಸಾಧಾರಣ ಹೋಸ್ ಪೆಟ್ರೋಲಿನಲ್ಲಿ ಮುಳುಗಿದ್ದರೆ ಹೊರಮೈಯಿಂದ ಉಬ್ಬಿ ಮೆತ್ತಗಾಗುತ್ತದೆ. ಮುಳುಗಿರುವ ಜಾಗಕ್ಕೆ ಎಸ್‌ಎಇ 30ಆರ್10 ಎಂದು ಮುದ್ರೆ ಇರುವುದೇ ಬೇಕು. ನಾನು ಬಿಚ್ಚಿದ ಒಂದು ಟ್ಯಾಂಕಿನಲ್ಲಿ ಹೋಸ್ ಬೆರಳಿಗೆ ಅಂಟುತ್ತಿತ್ತು, ಕ್ಲಿಪ್ಪಿನ ಕೆಳಗೆ ಉದ್ದಕ್ಕೆ ಸೀಳಿತ್ತು. ಪಂಪ್ ತಳ್ಳಿದ್ದರಲ್ಲಿ ಅರ್ಧ ಮತ್ತೆ ಟ್ಯಾಂಕಿಗೇ ಬೀಳುತ್ತಿತ್ತು.

ತೆರೆಯಲೇಬೇಕಾದರೆ ಟ್ಯಾಂಕ್ ಇಳಿಸಬೇಡಿ, ಹಿಂದಿನ ಸಾಮಾನು ಹೇರುವ ತೊಟ್ಟಿಯನ್ನು ಎತ್ತಿ. ಬಹುತೇಕ ಪಿಕಪ್‌ಗಳಲ್ಲಿ ಆರರಿಂದ ಎಂಟು ಬೋಲ್ಟ್, ಹಿಂದಿನ ದೀಪಗಳ ಕನೆಕ್ಟರ್, ಪೆಟ್ರೋಲ್ ಹಾಕುವ ಬಾಯಿಯ ತಿರುಪುಗಳು, ಅಷ್ಟೇ. ನಾಲ್ಕು ಜನ ಇದ್ದರೆ ಸುಲಭ. ಪಂಪ್ ಮೇಲಿನಿಂದಲೇ ಕೈಗೆ ಸಿಗುತ್ತದೆ.

ನಾಲ್ಕನೆಯ ಉತ್ತರ

ಸುರಕ್ಷತೆಯ ಮಾತು ಯಾರೂ ಎತ್ತಿಲ್ಲ, ನಾನು ಹೇಳಲೇಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ, ಗುಂಡಿಯಲ್ಲಿ ಕಣ್ಣಿಗೆ ಕಾಣದೆ ನಿಲ್ಲುತ್ತದೆ. ನಮ್ಮಣ್ಣ ಗಾಡಿಯ ಕೆಳಗೆ ಗಾಜಿನ ಬಲ್ಬಿನ ದೀಪ ಇಟ್ಟುಕೊಂಡು ಪೈಪ್ ಬಿಚ್ಚುತ್ತಿದ್ದ. ದೀಪ ಉರುಳಿ ಬಲ್ಬ್ ಒಡೆಯಿತು. ಎರಡೂ ಕೈಗಳ ಚರ್ಮ ಹೋಯಿತು, ಇಂದಿಗೂ ಎಡಗೈ ಪೂರ್ತಿ ಮಡಚುವುದಿಲ್ಲ. ಬಯಲಿನಲ್ಲಿ ಕೆಲಸ ಮಾಡಿ, ಬ್ಯಾಟರಿಯ ಮೈನಸ್ ತೆಗೆದಿಡಿ, ಪೈಪ್ ಬಿಚ್ಚುವ ಮೊದಲು ಒತ್ತಡ ಇಳಿಸಿ, ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ. ಬ್ಯಾಟರಿಯಿಂದ ನೇರ ತಂತಿ ಎಳೆದು ಟ್ಯಾಂಕಿನ ಬಳಿ ಕಿಡಿ ಹಾರಿಸುವ ಕೆಲಸವಂತೂ ಬೇಡವೇ ಬೇಡ.

ಕೇಳಿದವರು

ಎಲ್ಲರಿಗೂ ಮನಸಾರೆ ಕೃತಜ್ಞ. ರಿಲೇ ಬದಲಿಸಿ ನೋಡಿದೆ, ವ್ಯತ್ಯಾಸವಾಗಲಿಲ್ಲ. ನಂತರ ಅರ್ಧ ಗಂಟೆ ಓಡಿಸಿ ಬಂದು, ಎಂಜಿನ್ ನಿಲ್ಲಿಸದೆ ಅಳೆದೆ. ಬ್ಯಾಟರಿ 13.9, ಪಂಪಿನ ಬಳಿ 10.1. ಪ್ಲಸ್ ಕಡೆ ನಷ್ಟ 0.6, ಅರ್ತ್ ಕಡೆ 3.2! ಕಪ್ಪು ತಂತಿಯನ್ನು ಹಿಡಿದು ಹೋದರೆ ಟ್ಯಾಂಕಿನ ಮುಂದೆ ಷಾಸಿಯ ಒಳಬದಿಯಲ್ಲಿ ಬೋಲ್ಟ್ ಸಿಕ್ಕಿತು. ಬೆರಳಿಟ್ಟರೆ ಬಿಸಿ. ಬಿಚ್ಚಿದಾಗ ತಂತಿಯ ತುದಿಯ ಉಂಗುರದ ಕೆಳಗೆ ಹಸಿರು ಪುಡಿ, ಅದರ ಕೆಳಗೆ ಬಣ್ಣದ ಪದರ. ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಉಂಗುರ ಹಾಕಿ, ಬಿಗಿದು, ಮೇಲೆ ಗ್ರೀಸ್ ಬಳಿದೆ. ಈಗ ಅರ್ತ್ ಕಡೆ 0.1, ಪಂಪಿನ ಬಳಿ 13.1. ನಿನ್ನೆ ಇಡೀ ಏರು ಹತ್ತಿದೆ, ಒಮ್ಮೆಯೂ ಮುಗ್ಗರಿಸಲಿಲ್ಲ. ಆದರೆ ಬೆಳಗಿನ ತೊಂದರೆ ಹೋಗಿಲ್ಲ. ಕೀ ಎರಡು ಸಲ ಆನ್ ಆಫ್ ಮಾಡಿ ಆಮೇಲೆ ಸೆಲ್ಫ್ ಹೊಡೆದರೆ ಮಾತ್ರ ತಕ್ಷಣ ಹೊತ್ತಿಕೊಳ್ಳುತ್ತದೆ.

ಮೊದಲ ಉತ್ತರದವರು

ಆ 3.2 ವೋಲ್ಟನ್ನು 5 ಆಂಪಿಯರಿಗೆ ಗುಣಿಸಿ ನೋಡಿ, 16 ವಾಟ್. ಅಷ್ಟು ಶಾಖ ಒಂದು ಬೋಲ್ಟಿನಲ್ಲಿ ಕೂತಿತ್ತು. ಬಿಸಿಯಾದಂತೆ ಜೋಡಣೆ ಇನ್ನಷ್ಟು ಕೆಡುತ್ತಿತ್ತು, ತಣ್ಣಗಾದರೆ ಸುಧಾರಿಸುತ್ತಿತ್ತು. ನಿಮ್ಮ ಇಪ್ಪತ್ತು ನಿಮಿಷದ ಲೆಕ್ಕ ಅದು.

ಬೆಳಗಿನದು ಬೇರೆ ಕಥೆ. ರಾತ್ರಿಯಲ್ಲಿ ಪೈಪಿನ ಒತ್ತಡ ಸೋರಿಹೋಗುತ್ತಿದೆ. ಕೀ ಎರಡು ಸಲ ತಿರುಗಿಸಿದಾಗ ಪಂಪ್ ಅದನ್ನು ಮತ್ತೆ ತುಂಬುತ್ತಿದೆ. ಗೇಜ್ ಜೋಡಿಸಿ, ಕೀ ಆನ್ ಮಾಡಿ, ಪಂಪ್ ನಿಂತ ಕೂಡಲೇ ಮುಳ್ಳನ್ನು ಗಮನಿಸಿ. ಬೇಗ ಇಳಿದರೆ, ಮತ್ತೊಮ್ಮೆ ತುಂಬಿಸಿ, ಪಂಪ್ ನಿಂತ ಮೇಲೆ ಟ್ಯಾಂಕಿನಿಂದ ಬರುವ ಮೆತ್ತನೆಯ ರಬ್ಬರ್ ಭಾಗವನ್ನು ಹೋಸ್ ಕ್ಲ್ಯಾಂಪಿನಿಂದ ಒತ್ತಿ ಹಿಡಿಯಿರಿ. ಮುಳ್ಳು ನಿಂತರೆ ತಪ್ಪು ಪಂಪಿನೊಳಗೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವಿನದು ಅಥವಾ ಅಲ್ಲಿನ ಹೋಸಿನದು. ನಿಲ್ಲದಿದ್ದರೆ ಹಾಗೆಯೇ ಟ್ಯಾಂಕಿಗೆ ಹಿಂದಿರುಗುವ ಪೈಪ್ ಒತ್ತಿ ನೋಡಿ. ಆಗ ನಿಂತರೆ ತಪ್ಪು ಪೆಟ್ರೋಲಿನ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನದು. ಎರಡಕ್ಕೂ ನಿಲ್ಲದಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ಪ್ಲಾಸ್ಟಿಕ್ ಪೈಪನ್ನು ಮಾತ್ರ ಒತ್ತಬೇಡಿ, ಸೀಳುತ್ತದೆ. ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತು ಮೂಸಿಯೂ ನೋಡಿ. ಒಳಗೆ ಪೆಟ್ರೋಲಿನ ಹಸಿ ಇದ್ದರೆ ಅದರ ಪೊರೆ ಹರಿದಿದೆ.

ಕೇಳಿದವರು

ಮೂಸಿ ನೋಡಿದೆ, ಒಣಗಿದೆ. ಗೇಜ್ ಭಾನುವಾರ ಸಿಗುತ್ತದೆ. ಅಲ್ಲಿಯವರೆಗೆ ಬೆಳಿಗ್ಗೆ ಕೀ ಎರಡು ಸಲ ತಿರುಗಿಸಿಯೇ ಹೊರಡುತ್ತೇನೆ. ಅಳತೆಗಳನ್ನು ಇಲ್ಲೇ ಬರೆಯುತ್ತೇನೆ.