ರಾತ್ರಿ ಬಯಲಾಟಕ್ಕೆ ಮಿರರ್‌ಲೆಸ್ ಬೇಕಾ, ಕಾಂಪ್ಯಾಕ್ಟ್ ಸಾಕಾ?

ಪ್ರಶ್ನೆ: ನಮ್ಮದು ಉಡುಪಿ. ಅಪ್ಪ ಯಕ್ಷಗಾನಕ್ಕೆ ಮದ್ದಳೆ ಬಾರಿಸುತ್ತಾರೆ. ಅವರ ಬೆರಳುಗಳ ಒಂದು ಒಳ್ಳೆಯ ಫೋಟೋ ಬೇಕು ಅಂತ ತುಂಬಾ ಆಸೆ. ಮೊಬೈಲ್‌ನಲ್ಲಿ ಬರೀ ಮಸುಕು. ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾ ಕ್ಯಾನನ್ ಆರ್50 ತಗೊಳ್ಳಲಾ, ಲೆನ್ಸ್ ಕೂಡಿಕೊಂಡೇ ಇರುವ ಚಿಕ್ಕ ಕಾಂಪ್ಯಾಕ್ಟ್ ಸೋನಿ ಆರ್‌ಎಕ್ಸ್100 ಮಾರ್ಕ್ 7 ಸಾಕಾ?

ಉತ್ತರ 1: ನನ್ನ ಹತ್ತಿರ ಸೋನಿ ಇದೆ. 302 ಗ್ರಾಂ, ಜೇಬಿಗೆ ಹೋಗುತ್ತದೆ. 24ರಿಂದ 200 ಎಂಎಂ ಝೂಮ್. ಲೆನ್ಸ್ ಬದಲಿಸುವುದೇ ಇಲ್ಲವಲ್ಲ, ಮಲ್ಪೆಯ ಮರಳಿಗೆ ಹೆದರಿಕೆ ಕಡಿಮೆ.

ಉತ್ತರ 2: ರಾತ್ರಿ ಆಟಕ್ಕೆ ಆರ್50. ಬೆಳಕು ಹಿಡಿಯುವ ಸೆನ್ಸರ್ ಸೋನಿಯದಕ್ಕಿಂತ ಸುಮಾರು ಮೂರು ಪಟ್ಟು ದೊಡ್ಡದು. ಆದರೆ ಜೊತೆಗೆ ಬರುವ 18-45 ಎಂಎಂ ಲೆನ್ಸ್ ನಂಬಬೇಡಿ. ಝೂಮ್ ಮಾಡಿದರೆ ಎಫ್6.3, ಅಂದರೆ ಬೆಳಕು ಬರುವ ಕಿಂಡಿ ಚಿಕ್ಕದು (ಎಫ್ ಸಂಖ್ಯೆ ಕಡಿಮೆ ಇದ್ದಷ್ಟು ಬೆಳಕು ಜಾಸ್ತಿ), ಆಗ ಸೋನಿಗಿಂತ ಅಷ್ಟೇನೂ ಲಾಭ ಇಲ್ಲ. 50 ಎಂಎಂ ಎಫ್1.8 ಹಾಕಿ, ಹನ್ನೆರಡು ಪಟ್ಟು ಬೆಳಕು ಜಾಸ್ತಿ. ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗ) ವೇಷಧಾರಿಯೊಬ್ಬರು ಕಣ್ಣಿಗೆ ಕಾಡಿಗೆ ತೀಡುವಾಗ ಇದರಲ್ಲೇ ತೆಗೆದೆ. ರೆಪ್ಪೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಮದ್ದಳೆಗೆ ಶಟರ್ 1/500 ಸೆಕೆಂಡಿಗೆ ಇಡಿ. ಫೋಟೋದಲ್ಲಿ ಸ್ವಲ್ಪ ನಾಯ್ಸ್ (ಕಾಳುಕಾಳು ಚುಕ್ಕೆ) ಬಂದರೂ ಪರವಾಗಿಲ್ಲ, ಬೆರಳು ನಿಲ್ಲಬೇಕು ಅಲ್ವಾ?

ಪ್ರಶ್ನೆ ಕೇಳಿದವರು: ರಂಗಸ್ಥಳದ ಪಕ್ಕದಿಂದ 50 ಎಂಎಂ ಸಾಕಾಗುತ್ತದಾ?

ಉತ್ತರ 2: ಸಾಕು. ಆರ್50ರಲ್ಲಿ ಅದು 80 ಎಂಎಂನಷ್ಟು ಹತ್ತಿರ ಕಾಣುತ್ತದೆ. ಫ್ಲ್ಯಾಶ್ ಮಾತ್ರ ಹಾಕಬೇಡಿ, ಬಾರಿಸುವವರ ಕಣ್ಣು ಕುಕ್ಕುತ್ತದೆ.